ನಿಂತ ಗಾಡಿಯ ವೇಗ

ಕ್ಲೇಮ್ ಫಾರಮ್ಮಿನ ಆರನೇ ಕಾಲಮ್ಮು ಕೇಳುತ್ತದೆ:
ಅಪಘಾತದ ಹೊತ್ತಿಗೆ ವಾಹನದ ವೇಗ ಎಷ್ಟಿತ್ತು?
ಸೊನ್ನೆ ಎಂದು ಬರೆದೆ.
ಏಳನೆಯದು: ಚಾಲಕರ ಹೆಸರು.
ಯಾರೂ ಇರಲಿಲ್ಲ ಎಂದು ಬರೆದರೆ
ಸರ್ವೇಯರ್ ಪಾಮಯ್ಯ ಪೆನ್ನಿನ ತುದಿಯಿಂದ ತಲೆ ಕೆರೆದುಕೊಂಡ.
"ಹಂಗ ಬರದ್ರ ಕಂಪ್ಯೂಟರ್ ಒಪ್ಪಂಗಿಲ್ರಿ ಸಿಸ್ಟರ್,
ನಿಮ್ಮ ಹೆಸರೇ ಹಾಕಿಬಿಡ್ರಿ."
ಹಾಕಿದೆ. ಮಾರ್ತಮ್ಮ, ಸ್ಟಾಫ್ ನರ್ಸ್, ಶಕ್ತಿನಗರ.
ಹೀಗೆ, ರಾತ್ರಿ ಎರಡೂವರೆಗೆ
ವಾರ್ಡಿನಲ್ಲಿ ಒಬ್ಬಳ ಡ್ರಿಪ್ಪು ಬದಲಿಸುತ್ತಿದ್ದ ನಾನು
ಅದೇ ಹೊತ್ತಿಗೆ ಹೊರಗೆ, ಬೇವಿನ ಕೆಳಗೆ,
ಸೊನ್ನೆ ವೇಗದಲ್ಲಿ ಕಾರು ಓಡಿಸುತ್ತಿದ್ದೆ.

ನೀಲಿ ಆಲ್ಟೊ. ನನ್ನದು ಮೂರನೇ ಕೈ.
ನೀಲಿ ಅನ್ನುವುದು ಆರ್‌ಸಿ ಬುಕ್ಕಿನ ಮಾತು;
ಇಲ್ಲಿ ಗಾಡಿಗೆ, ಹಪ್ಪಳಕ್ಕೆ, ಮಲಗಿದ ನಾಯಿಯ ಬೆನ್ನಿಗೆ
ಚಿಮಣಿ ಕೊಟ್ಟದ್ದೇ ಬಣ್ಣ.
ಬೆಳಿಗ್ಗೆ ಬಂದು ನೋಡಿದರೆ
ಬಲಗಡೆ ಹಿಂದಿನ ಬಾಗಿಲು
ಮುದುಕಿಯ ಕೆನ್ನೆಯ ಹಾಗೆ ಒಳಗೆ ಹೋಗಿದೆ,
ದೀಪದ ಗಾಜು ಮಣ್ಣಿನಲ್ಲಿ ಕೆಂಪಗೆ.

ವಾಚ್‌ಮನ್ ಭೀಮರಾಯ ಅಂದ: ಬೂದಿ ಟ್ಯಾಂಕರು.
ಆಮೇಲೆ ಅಂದ: ಟ್ರ್ಯಾಕ್ಟರೂ ಇದ್ದೀತು.
ಆಮೇಲೆ, ತಾನು ಕಣ್ಣು ಮುಚ್ಚಿರಲೇ ಇಲ್ಲ ಅಂದ,
ನಾನು ಕೇಳದಿದ್ದರೂ.

ಪಾಮಯ್ಯ ಟೇಪು ಹಿಡಿದು ಬಗ್ಗಿದ.
ಪೆಟ್ಟು ಅಳೆಯುತ್ತಾನೆ ಅಂದುಕೊಂಡೆ,
ಅವನು ಅಳೆದದ್ದು ರಸ್ತೆಯನ್ನು.
"ಹಿಂದಿನ ಗಾಲಿ ಡಾಂಬರಿನ ಮ್ಯಾಲ ಒಂಬತ್ತು ಇಂಚು ಬಂದದ.
ಯಾಕ ಇಲ್ಲಿ ನಿಂದ್ರಿಸಿದ್ರಿ?"
ಹೆರಿಗೆ ಕೇಸು ಇತ್ತು, ಓಡಿದ್ದೆ ಎಂದೆ.
ಅವನು ಒಂಬತ್ತು ಎಂದಷ್ಟೇ ಬರೆದುಕೊಂಡ.

"ಗುದ್ದಿದವ ಸಿಕ್ಕರೆ ಅವನ ಪಾಲಿಸಿ ಮ್ಯಾಲ ಹಾಕಬಹುದು.
ಸಿಗಲಿಲ್ಲಂದ್ರ ನಿಮ್ಮದರ ಮ್ಯಾಲೇ. ಐದು ವರ್ಷದ ಬೋನಸ್ಸೂ ಹೋತು.
ಯಾರ ಮ್ಯಾಲರ ಗುಮಾನಿ ಅದ ಏನ್ರಿ?"

ಆಗಲೇ ನೋಡಿದ್ದೆ ನಾನದನ್ನು.
ಡಿಕ್ಕಿ ಹೊಡೆದವನು ಇಳಿದಿದ್ದಾನೆ.
ಡಿಕ್ಕಿಯ ಮೇಲೆ, ಬೂದಿಯಲ್ಲಿ,
ಅಂಗೈ ಊರಿ ಬಗ್ಗಿ ನೋಡಿದ್ದಾನೆ.
ಎಷ್ಟು ಹೊತ್ತೋ.
ಬೂದಿಯ ನಡುವೆ ಆ ಕೈಯಗಲದಷ್ಟೇ ಜಾಗದಲ್ಲಿ
ನನ್ನ ಕಾರು ನೀಲಿಯಾಗಿತ್ತು.
ಹೆಬ್ಬೆರಳು, ತೋರುಬೆರಳು, ನಡುಬೆರಳು,
ಆಮೇಲೆ ಒಂದು ಮೊಂಡು ಚುಕ್ಕೆ,
ಆಮೇಲೆ ಕಿರುಬೆರಳು.

ಕಲ್ಲಿದ್ದಲಿನ ಬೆಲ್ಟು ಉಂಗುರದ ಬೆರಳನ್ನೇ ಮೊದಲು ಕೇಳುತ್ತದೆ.
ನಾನೇ ಹೊಲಿಗೆ ಬಿಚ್ಚಿದ ಕೈಗಳು ಆರೋ ಏಳೋ.
ಅತ್ತವನದೋ ಇದು,
ಬೆರಳು ಹೋದರೂ ಉಂಗುರ ಉಳೀತು ಸಿಸ್ಟರ್ ಎಂದು ನಕ್ಕವನದೋ,
ಬೆಲ್ಟಿನ ಕೆಲಸ ಬಿಟ್ಟು ಡ್ರೈವರ್ ಆದೆ ಎಂದು
ಕಳೆದ ತಿಂಗಳು ಪೇಡೆ ತಂದುಕೊಟ್ಟವನದೋ.
ಅವರಿಗೂ ಒಂದು ಫಾರಮ್ಮು ಇತ್ತು.
ಡ್ರೆಸ್ಸಿಂಗ್ ಟೇಬಲ್ಲಿನ ಅಂಚಿನಲ್ಲೇ ಇಟ್ಟು
ಎಡಗೈಯಲ್ಲಿ ಸಹಿ ಮಾಡಿಸಿದ್ದರು.
ಅದರಲ್ಲೂ ಕೇಳಿದ್ದರು:
ನೀವು ನಿಂತದ್ದು ಎಲ್ಲಿ? ಗೆರೆಯ ಒಳಗೋ, ಹೊರಗೋ?

"ಗುಮಾನಿ?" ಪಾಮಯ್ಯ ಮತ್ತೆ ಕೇಳಿದ.
ಇಲ್ಲ ಎಂದೆ.
ಅವನು ನಾಲ್ಕು ಕಡೆಯಿಂದ ಫೋಟೊ ಹೊಡೆದ.
ಒಂದರಲ್ಲಿ ಆ ಕೈಯೂ ಬಂದಿರಬೇಕು,
ಯಾವುದೋ ಆಫೀಸಿನ ಫೈಲಿನಲ್ಲಿ ಕೂತಿರಬೇಕು.

ಗ್ಯಾರೇಜಿನ ಲಾಲಸಾಬ ಹೇಳಿದ್ದು ಹದಿನಾಲ್ಕು ಸಾವಿರದ ಇನ್ನೂರು.
ಕಂಪನಿ ಕೊಟ್ಟದ್ದು ಆರು ಸಾವಿರದ ಎಂಟುನೂರ ನಲವತ್ತು;
ಉಳಿದದ್ದು ಸವಕಳಿ, ರಬ್ಬರಿಗೆ ಅರ್ಧ, ಮತ್ತೆ ಏನೇನೋ.
ಬೇಸರವಾಗಲಿಲ್ಲ ಅಂದರೆ ಸುಳ್ಳು.
ಎರಡು ದಿನ ಅವನಿಗೆ, ಯಾರೇ ಆಗಲಿ,
ಮನಸ್ಸಿನಲ್ಲೇ ಬೈದೆ.

ತಟ್ಟುವ ಮೊದಲು ಲಾಲಸಾಬ ಒದ್ದೆ ಬಟ್ಟೆ ಹಿಡಿದು
"ಒರಸಲೇನ್ರಿ?" ಅಂದ.
ತಿರುಗಿ ನೋಡುವಷ್ಟರಲ್ಲಿ ಒರೆಸಿಯೇ ಬಿಟ್ಟಿದ್ದ.

ಬಾಗಿಲು ಈಗ ಮುಚ್ಚುತ್ತದೆ.
ಗಾಜು ಅರ್ಧಕ್ಕೆ ನಿಲ್ಲುತ್ತದೆ, ಬೂದಿ ಬರುತ್ತದೆ.
ಕೈಗೆ ಪಟ್ಟಿ ಸುತ್ತುವಾಗ
ಬೆರಳು ಎಣಿಸುವ ಚಾಳಿ ಅಂಟಿಕೊಂಡಿದೆ.
ನೈಟ್ ಡ್ಯೂಟಿ ಇದ್ದ ದಿನ
ಒಂಬತ್ತು ಇಂಚು ಒಳಗೆ,
ಬೇವಿನ ಬೇರಿಗೆ ಗಾಲಿ ತಾಗಿಸಿ ನಿಲ್ಲಿಸುತ್ತೇನೆ.